ಸಿಂಬಾನ ಅಚ್ಚಿಗೆ ಕೂರದ ನಮ್ಮ ಮಳಖೇಡದ ಅಮೋಘವರ್ಷ

ಮಳಖೇಡ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಸಿಮೆಂಟ್ ಫ್ಯಾಕ್ಟರಿ. ಕಲಬುರಗಿಯಿಂದ ಸೇಡಂ ಬಸ್ ಹತ್ತಿದರೆ ಸುಮಾರು 40 ಕಿಲೋಮೀಟರಿಗೆ ಸಿಗುವ ಊರು, ಕಾಗಿಣಾ ನದಿಯ ದಂಡೆ, ಒಂದು ಹಳೇ ಕೋಟೆ, ಒಂದು ಬಸದಿ, ಉತ್ತರಾದಿ ಮಠ, ಮತ್ತೆ ಧೂಳು. ಸಾವಿರದ ಇನ್ನೂರು ವರ್ಷದ ಹಿಂದೆ ಇದೇ ಮಾನ್ಯಖೇಟ. ನರ್ಮದೆಯ ತನಕ ಮಾತು ನಡೆಯುತ್ತಿದ್ದ ಒಂದು ರಾಜ್ಯದ ರಾಜಧಾನಿ.

ನಾವು ಐದು ಜನ ಕನ್ನಡ ಸಂಘದವರು, ಒಬ್ಬೊಬ್ಬರು ಒಂದೊಂದು ಕಡೆಯವರು: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಈ ವರ್ಷ ಮಕ್ಕಳಿಗಾಗಿ ಒಂದು ಸಣ್ಣ ಅನಿಮೇಷನ್ ಸಿನಿಮಾ ಮಾಡೋಣ ಅಂತ ಹೊರಟಾಗ ಕಥೆ ಯಾರದು ಅನ್ನೋ ಪ್ರಶ್ನೆ ಬಂತು. ಎಲ್ಲರೂ ಹೇಳಿದ್ದು ಒಂದೇ ಹೆಸರು, ಅಮೋಘವರ್ಷ ನೃಪತುಂಗ. ಬೆಂಗಳೂರಿನಲ್ಲಿ ಅವನ ಹೆಸರಿನ ರಸ್ತೆ ಇದೆ. ಅವನ ಊರಿನ ಪಕ್ಕದಲ್ಲೇ ಇರುವ ನಮಗೆ ಅವನ ಕಥೆ ಪಠ್ಯಪುಸ್ತಕದ ಅರ್ಧ ಪುಟ ಅಷ್ಟೇ. ಹಾಗಾಗಿ ಓದೋಕೆ ಶುರು ಮಾಡಿದೆವು. ಓದುತ್ತಾ ಹೋದಂತೆ ಸಿನಿಮಾಕ್ಕಿಂತ ಆ ಮನುಷ್ಯನೇ ಹೆಚ್ಚು ಕುತೂಹಲ ಹುಟ್ಟಿಸಿದ.

ಮೊದಲು ಅಚ್ಚಿನ ವಿಷಯ ಹೇಳಿಬಿಡ್ತೀವಿ. ಅಮೆರಿಕದ ಜೋಸೆಫ್ ಕ್ಯಾಂಪ್‌ಬೆಲ್ ಅನ್ನುವವರು 1949ರಲ್ಲಿ ಒಂದು ಪುಸ್ತಕ ಬರೆದು, ಜಗತ್ತಿನ ಪುರಾಣಗಳಲ್ಲಿ ವೀರನ ಕಥೆಗೆ ಒಂದೇ ದಾರಿ ಇದೆ ಎಂದರು. ವೀರ ಮನೆ ಬಿಡ್ತಾನೆ, ಕಷ್ಟದ ಲೋಕದಲ್ಲಿ ಪರೀಕ್ಷೆಗೆ ಒಳಗಾಗ್ತಾನೆ, ಏನೋ ಒಂದನ್ನು ಗಳಿಸಿ ತಿರುಗಿ ಬರ್ತಾನೆ. 1980ರ ದಶಕದಲ್ಲಿ ಡಿಸ್ನಿಯಲ್ಲಿದ್ದ ಕ್ರಿಸ್ಟೋಫರ್ ವೋಗ್ಲರ್ ಇದನ್ನು ಏಳು ಪುಟದ ಟಿಪ್ಪಣಿಯಾಗಿ ಇಳಿಸಿದರು. ಆಮೇಲೆ ಹನ್ನೆರಡು ಹಂತಗಳ ಆ ಲೆಕ್ಕ ಸಿನಿಮಾ ಬರೆಯುವವರ ಕೈಪಿಡಿಯೇ ಆಗಿಹೋಯಿತು. 1994ರ ಲಯನ್ ಕಿಂಗ್ ಕಥೆಗೂ ಅವರು ಕೆಲಸ ಮಾಡಿದ್ದರು. ಸಿಂಬಾ ರಾಜನ ಮರಿ, ಅಪ್ಪ ಸಾಯ್ತಾನೆ, ಚಿಕ್ಕಪ್ಪ ಸ್ಕಾರ್ ಸಿಂಹಾಸನ ಹಿಡೀತಾನೆ, ಸಿಂಬಾ ಕಾಡಿಗೆ ಓಡ್ತಾನೆ. ಅಲ್ಲಿ ಟಿಮೋನ್, ಪುಂಬಾ. ಮುದುಕ ಮಂಗ ರಫಿಕಿ ಬಂದು ಬುದ್ಧಿ ಹೇಳ್ತದೆ, ಸಿಂಬಾ ವಾಪಸ್ ಹೋಗಿ ಗೆಲ್ತಾನೆ, ಮಳೆ ಬರ್ತದೆ, ಕೊನೆಗೆ ಹೊಸ ಮರಿಯನ್ನು ಎತ್ತಿ ಹಿಡೀತಾರೆ. ನೋಡಿದವರ ಕಣ್ಣಲ್ಲಿ ನೀರು. ನಮ್ಮದೂ ಸೇರಿ.

ಈಗ ಅಮೋಘವರ್ಷನ ಮೊದಲ ಇಪ್ಪತ್ತೊಂದು ವರ್ಷ ನೋಡ್ರಿ.

ಅಪ್ಪ ಮೂರನೇ ಗೋವಿಂದ. ರಾಷ್ಟ್ರಕೂಟರಲ್ಲೇ ದೊಡ್ಡ ಯೋಧ, ಉತ್ತರಕ್ಕೆ ಹೋಗಿ ಪ್ರತಿಹಾರರನ್ನು ಸೋಲಿಸಿ, ಪಾಲರಿಂದ ತಲೆಬಾಗಿಸಿಕೊಂಡು ಬಂದವನು. ಆ ದಂಡಯಾತ್ರೆಯಿಂದ ಮರಳುವಾಗ, ಸುಮಾರು ಕ್ರಿ.ಶ. 800ರಲ್ಲಿ, ನರ್ಮದೆಯ ಸೀಮೆಯ ಶ್ರೀಭವನ ಎಂಬಲ್ಲಿ ಮಗ ಹುಟ್ಟಿದ. ಮೊದಲಿನ ಹೆಸರು ಶರ್ವ. ಬೀಡಾರದಲ್ಲಿ ಹುಟ್ಟಿದ ಮಗು ಅಂದರೆ ಸಿನಿಮಾದ ಮೊದಲ ಶಾಟ್ ತಾನೇ ರೆಡಿ: ಆನೆಗಳು, ಡೇರೆಗಳು, ಮಳೆಗಾಲ. 814ರಲ್ಲಿ ಅಪ್ಪ ತೀರಿಕೊಂಡ. ಹುಡುಗನಿಗೆ ಹದಿನಾಲ್ಕು. ನಮ್ಮ ಲೆಕ್ಕದಲ್ಲಿ ಒಂಬತ್ತನೇ ಕ್ಲಾಸು.

ಹುಡುಗ ಪಟ್ಟಕ್ಕೆ ಬಂದರೆ ಸುತ್ತಲಿನವರು ಸುಮ್ಮನಿರ್ತಾರಾ? ಸಾಮಂತರು ಎದ್ದರು. ಮನೆಯವರಲ್ಲೇ ಕೆಲವರು ಅವರ ಜೊತೆ ಸೇರಿದರು. ಮೊದಲು ತಿರುಗಿಬಿದ್ದವನು ತಲಕಾಡಿನ ಗಂಗ ದೊರೆ ಇಮ್ಮಡಿ ಶಿವಮಾರ. 816ರ ಹೊತ್ತಿಗೆ ಅವನು ಯುದ್ಧದಲ್ಲಿ ಸತ್ತರೂ ದಂಗೆ ನಿಲ್ಲಲಿಲ್ಲ, ಕೆಲವು ಕಾಲ ಸಿಂಹಾಸನವೇ ಕೈತಪ್ಪಿತು. ಆಗ ಆಸರೆಯಾದವನು ಗುಜರಾತಿನ ಕಡೆ ಆಳುತ್ತಿದ್ದ ಕರ್ಕ ಸುವರ್ಣವರ್ಷ. ಗೋವಿಂದನ ತಮ್ಮ ಇಂದ್ರನ ಮಗ, ಅಂದ್ರೆ ಹುಡುಗನಿಗೆ ಚಿಕ್ಕಪ್ಪನ ಮಗ, ವಯಸ್ಸಿನಲ್ಲಿ ಹಿರಿಯ, ರಾಜ್ಯಕ್ಕೆ ಪಾಲಕ. ಅವನ ಬಲದಿಂದ 821ರೊಳಗೆ ಅಮೋಘವರ್ಷ ಮತ್ತೆ ಪಟ್ಟ ಏರಿದ. ಇದನ್ನು ಹೇಳೋದು ಗುಜರಾತ್ ಶಾಖೆಯವರದೇ ಸೂರತ್ ಮತ್ತು ಬರೋಡಾ ತಾಮ್ರಶಾಸನಗಳು.

ಅಪ್ಪನ ಸಾವು, ನೆಲೆ ತಪ್ಪುವುದು, ಕೈಹಿಡಿದ ಹಿರಿಯ, ಮರಳಿ ಪಟ್ಟ. ಪಟ್ಟಿ ಹಿಡಿದು ಟಿಕ್ ಹಾಕುತ್ತಾ ಹೋದೆವು. ಅಷ್ಟು ಚೆನ್ನಾಗಿ ಕೂತಿತು. ಡಿಸ್ನಿಯವರಿಗೆ ಮಳಖೇಡದ ದಾರಿ ಗೊತ್ತಿದ್ದರೆ ಆಫ್ರಿಕಾಕ್ಕೆ ಹೋಗ್ತಿರಲಿಲ್ಲ ಅಂತ ನಮ್ಮಲ್ಲೊಬ್ಬರು ಹೇಳಿಯೂ ಬಿಟ್ಟರು.

ಆದರೆ 821ರಲ್ಲಿ ಅವನಿಗೆ ಬರೀ ಇಪ್ಪತ್ತೊಂದು, ನಮ್ಮ ಫೈನಲ್ ಇಯರ್ ಸೀನಿಯರ್‌ಗಳ ವಯಸ್ಸು. ಆಮೇಲೆ ಅವನು ಸುಮಾರು ಅರವತ್ತು ವರ್ಷ ಬದುಕಿದ. ಒಟ್ಟು ಆಳ್ವಿಕೆ 64 ವರ್ಷದ ಹತ್ತಿರ. ಸಿಂಬಾನ ಸಿನಿಮಾ ಮುಗಿಯುವ ಜಾಗದಲ್ಲಿ ಇವನ ಕಥೆ ಶುರುವಾಗ್ತದೆ, ಮತ್ತು ಅಲ್ಲಿಂದ ಮುಂದೆ ಅಚ್ಚು ಒಂದೊಂದೇ ಕಡೆ ಬಿರುಕು ಬಿಡ್ತಾ ಹೋಗ್ತದೆ.

ಮೊದಲ ಬಿರುಕು ಖಳನಾಯಕನದು. ಮಕ್ಕಳ ಸಿನಿಮಾಕ್ಕೆ ಒಬ್ಬ ಸ್ಕಾರ್ ಬೇಕು. ಶಿವಮಾರನನ್ನೇ ಮಾಡೋಣ, ಹಸಿರು ಬೆಳಕು, ಗಾಯದ ಗುರುತು ಎಂದು ಸ್ಕೆಚ್ಚೂ ಆಯಿತು. ಆಮೇಲೆ ಅವನ ಬಗ್ಗೆ ಓದಿದೆವು. ಅಮೋಘವರ್ಷನ ಅಜ್ಜ ಧ್ರುವ ಅವನನ್ನು ಸೆರೆಯಲ್ಲಿ ಇಟ್ಟಿದ್ದ. ಗೋವಿಂದ ಬಿಡಿಸಿದ, ಅವನು ತಿರುಗಿಬಿದ್ದಾಗ ಮತ್ತೆ ಹಿಡಿದು ಹಾಕಿದ. ಬಾಳಿನ ಎಷ್ಟೋ ವರ್ಷ ರಾಷ್ಟ್ರಕೂಟರ ಜೈಲಿನಲ್ಲೇ ಕಳೆದವನು. ಜೊತೆಗೆ ಅವನು ಕನ್ನಡದ ಕವಿ. ಆನೆಗಳ ಮೇಲೆ ಗಜಾಷ್ಟಕ ಬರೆದ, ಅದು ಹೆಂಗಸರು ಕುಟ್ಟುವಾಗ ಹಾಡುವ ಒನಕೆವಾಡಾಗಿ ಹರಡಿತು ಅಂತ ಶಾಸನವೇ ಹೇಳ್ತದೆ. ಆ ಕೃತಿ ಇವತ್ತು ಸಿಕ್ಕಿಲ್ಲ. ಭತ್ತ ಕುಟ್ಟುವ ಹೆಂಗಸರ ಬಾಯಿಗೆ ಹಾಡು ಕೊಟ್ಟ ಮನುಷ್ಯನ ಮುಖಕ್ಕೆ ಹಸಿರು ಬೆಳಕು ಬಿಡೋದು ಹೇಗೆ? ಆ ಸ್ಕೆಚ್ ಹಾಗೇ ಫೋಲ್ಡರಿನಲ್ಲಿ ಉಳಿದಿದೆ.

ಗಂಗರನ್ನು ಅಮೋಘವರ್ಷ ಗೆಲ್ಲಲೂ ಇಲ್ಲ. ಅವನ ನಂಬಿಕೆಯ ದಂಡನಾಯಕ ಬಂಕೇಶ. ಹಾವೇರಿ ಜಿಲ್ಲೆಯ ಬಂಕಾಪುರ ಇವನ ಹೆಸರಿನದೇ. ಅವನಿಂದಲೂ ಅದು ಪೂರ್ತಿ ಆಗಲಿಲ್ಲ. ಕೊನೆಗೆ ರಾಜ ಮಾಡಿದ್ದು ಬೇರೆ ಕೆಲಸ: ಮಗಳು ಚಂದ್ರಬ್ಬಲಬ್ಬೆಯನ್ನು ಗಂಗರ ಬೂತುಗನಿಗೆ ಮದುವೆ ಮಾಡಿಕೊಟ್ಟ. ವೆಂಗಿಯ ಚಾಲುಕ್ಯರ ಜೊತೆ ವಿಂಗವಳ್ಳಿಯಲ್ಲಿ ಘೋರ ಯುದ್ಧ ಮಾಡಿ ಗೆದ್ದವನೂ ಇವನೇ, ಹಾಗಾಗಿ ಯುದ್ಧ ಬಾರದವನು ಅಂತ ಹೇಳುವ ಹಾಗಿಲ್ಲ. ಆದರೆ ಅಪ್ಪನ ಹಾಗೆ ದಂಡೆತ್ತಿ ಗಂಗಾ ಯಮುನೆಗೆ ಹೋಗಲಿಲ್ಲ. ಇಷ್ಟು ವರ್ಷ ಆಳಿದವನು ಹೆಚ್ಚು ಕಾಲ ತನ್ನ ನಾಡಿನಲ್ಲೇ ಇದ್ದು, ಎದ್ದ ಬೆಂಕಿ ಆರಿಸುತ್ತಾ, ಬೀಗತನ ಬೆಳೆಸುತ್ತಾ ಕಳೆದ. ಮದುವೆ ಮಾತುಕತೆಯನ್ನು ಕ್ಲೈಮಾಕ್ಸ್ ಮಾಡುವ ಅನಿಮೇಷನ್ ನಾವಂತೂ ನೋಡಿಲ್ಲ.

ಎರಡನೇ ಬಿರುಕು ಇನ್ನೂ ಕಷ್ಟದ್ದು. ಕೈಹಿಡಿದು ಪಟ್ಟಕ್ಕೆ ತಂದ ಕರ್ಕನ ಸ್ವಂತ ಮಗ ಧ್ರುವ ಮುಂದೆ ಅಮೋಘವರ್ಷನಿಗೇ ಎದುರು ನಿಂತ. ಅವನು ಸತ್ತ ಮೇಲೆ ಅವನ ಮಗ, ಆಮೇಲೆ ಮೊಮ್ಮಗ. ಗುಜರಾತ್ ಶಾಖೆಯ ಜೊತೆ ಜಗಳ ಮೂರು ತಲೆಮಾರು ನಡೆದು, ಉತ್ತರದಿಂದ ಪ್ರತಿಹಾರ ಭೋಜನ ಭಯ ಬಂದಾಗ, 860ರ ಆಸುಪಾಸಿನಲ್ಲಿ ರಾಜಿಯಾಯಿತು. ರಫಿಕಿಯ ಮಕ್ಕಳು ಸಿಂಬಾನ ಮೇಲೆ ಯುದ್ಧಕ್ಕೆ ಬಂದ ಹಾಗೆ.

ಇನ್ನು ಆ ಕೊನೆಯ ಶಾಟ್, ಮರಿಯನ್ನು ಎತ್ತಿ ಹಿಡಿಯೋದು. 860ರ ದಾನವೊಂದನ್ನು ಹೇಳುವ ಕೊಣ್ಣೂರಿನ ಶಾಸನ ಗದಗ ಜಿಲ್ಲೆಯಲ್ಲಿದೆ. ಬಂಕೇಶ ಗಂಗರ ಮೇಲೆ ಹೋಗಿ ಗೆಲ್ಲುತ್ತಾ ಮುಂದುವರೆದಿದ್ದಾಗ ರಾಜನಿಂದ ತುರ್ತಾಗಿ ಕರೆ ಬರ್ತದೆ, ತಿರುಗಿ ಬಾ ಅಂತ. ರಾಜಧಾನಿಯಲ್ಲಿ ದಂಗೆ, ಅದರಲ್ಲಿ ರಾಜನ ಮಗನೇ ಸೇರಿದ್ದಾನೆ. ಗೆಲುವನ್ನು ಅರ್ಧಕ್ಕೆ ಬಿಟ್ಟು ಬಂಕೇಶ ಓಡಿ ಬಂದ. ಅವನು ಬಂದ ಸುದ್ದಿಗೆ ರಾಜಕುಮಾರ ಅಲ್ಲಿಂದ ಕಾಲ್ಕಿತ್ತ. ಆ ಮಗ ಮುಂದೆ ಪಟ್ಟಕ್ಕೆ ಬಂದ ಎರಡನೇ ಕೃಷ್ಣನೇ ಎಂದು ಇತಿಹಾಸಕಾರರು ಗುರುತಿಸ್ತಾರೆ. ಹುಡುಗನಾಗಿದ್ದಾಗ ಮನೆಯವರ ದಂಗೆಯಿಂದ ಸಿಂಹಾಸನ ಕಳೆದುಕೊಂಡವನಿಗೆ ವಯಸ್ಸಾದ ಮೇಲೆ ಮಗನಿಂದ ಅದೇ ಗತಿ. ಇಲ್ಲಿ ಸ್ಕಾರ್ ಯಾರು, ಸಿಂಬಾ ಯಾರು? ಮಗನನ್ನು ಕೊಲ್ಲಿಸಿದ ಅಂತ ಎಲ್ಲೂ ಇಲ್ಲ. ಅವನಿಗೇ ರಾಜ್ಯ ಹೋಯಿತು.

ಇಷ್ಟು ಹೇಳಿದರೆ ಪಾಪ, ಬರೀ ತಾಪತ್ರಯದ ಬಾಳು ಅನ್ನಿಸಬಹುದು. ಹಾಗೇನಿಲ್ಲ. ಇದೇ ವರ್ಷಗಳಲ್ಲಿ ಕಾಗಿಣಾ ದಂಡೆಯ ಮೇಲೆ ಒಂದು ನಗರ ಎದ್ದಿತು. ಮೊದಲಿದ್ದ ರಾಜಧಾನಿ ಮಯೂರಖಂಡಿ. ಅದನ್ನು ಬಿಟ್ಟು ಮಾನ್ಯಖೇಟಕ್ಕೆ ಬಂದವನು ಅಮೋಘವರ್ಷ. ಇಂದ್ರನ ಪಟ್ಟಣವನ್ನೂ ನಾಚಿಸುವಂತೆ ಕಟ್ಟಿಸಿದ ಎಂದು ಅವನ ವಂಶದವರ ಕೊನೆಗಾಲದ ಕರ್ಡಾ ಶಾಸನ ಹೊಗಳ್ತದೆ. ಹೊಗಳಿಕೆ ಅಂದ ಮೇಲೆ ಸ್ವಲ್ಪ ಹೆಚ್ಚೇ ಇರ್ತದೆ. ಆದರೂ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಎಲ್ಲ ಕಡೆ ಕಾಲ ಕೆಳಗೆ ಇರೋದು ಸುಣ್ಣದ ಕಲ್ಲೇ. ಅದನ್ನು ಸುಟ್ಟು ಸಿಮೆಂಟ್ ಮಾಡ್ತಾರೆ, ಸೀಳಿ ಶಹಾಬಾದ್ ಕಲ್ಲು ಅಂತ ಮನೆಗೆ ಹಾಸ್ತಾರೆ. ಕಟ್ಟಲಿಕ್ಕೆ ಕಲ್ಲಿಗೆ ಬರ ಇಲ್ಲದ ಜಾಗ ಅನ್ನೋದು ಸಿವಿಲ್ ಬ್ರಾಂಚಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸುಲೈಮಾನ್ ಎಂಬ ಅರಬ್ ವರ್ತಕನ ಹೆಸರಿನಲ್ಲಿ 851ರ ಒಂದು ಬರಹ ಇದೆ. ಅದರ ಪ್ರಕಾರ ಲೋಕದ ದೊಡ್ಡ ಅರಸರು ನಾಲ್ವರು: ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೂಮಿನ ದೊರೆ, ನಾಲ್ಕನೆಯವನು ಬಲ್ಹರಾ. ಬಲ್ಹರಾ ಅಂದರೆ ವಲ್ಲಭರಾಜ, ರಾಷ್ಟ್ರಕೂಟರ ಬಿರುದು ಅರಬ್ಬರ ನಾಲಿಗೆಯಲ್ಲಿ ಹಾಗಾಗಿದೆ. ಆ ವರ್ಷ ಆ ಬಿರುದು ಹೊತ್ತು ಕೂತಿದ್ದವನು ನಮ್ಮವನು. ಈ ರಾಜರು ಬಹಳ ವರ್ಷ ಬದುಕ್ತಾರೆ, ಅರಬ್ ವ್ಯಾಪಾರಿಗಳ ಮೇಲೆ ಅವರಿಗೆ ಪ್ರೀತಿ ಎಂದೂ ಅದರಲ್ಲಿದೆ.

ನಮಗೆ ಎಲ್ಲಕ್ಕಿಂತ ಖುಷಿ ಕೊಟ್ಟವನು ಇವನ ಕಾಲದ ಮಹಾವೀರಾಚಾರ್ಯ. ಗಣಿತಸಾರಸಂಗ್ರಹ ಬರೆದ ಜೈನ ಪಂಡಿತ, ಸುಮಾರು 850. ಪುಸ್ತಕದ ಶುರುವಿನಲ್ಲೇ ಅಮೋಘವರ್ಷನ ಆಳ್ವಿಕೆಯನ್ನು ಹೊಗಳಿ, ಅಲ್ಲಿ ಪ್ರಜೆಗಳೂ ಪೈರೂ ಸುಖವಾಗಿವೆ ಅನ್ನುವ ಅರ್ಥದ ಮಾತು ಬರೀತಾನೆ. ಆಮೇಲೆ ಗಣಿತ ಎಲ್ಲೆಲ್ಲಿ ಬೇಕು ಅಂತ ಒಂದು ಪಟ್ಟಿ: ಪ್ರೇಮಶಾಸ್ತ್ರ, ಸಂಗೀತ, ನಾಟಕ, ಅಡುಗೆ, ವೈದ್ಯ, ಕಟ್ಟಡ, ಛಂದಸ್ಸು, ವ್ಯಾಕರಣ. ಎಂ-ತ್ರೀ ಯಾಕೆ ಓದಬೇಕು ಅಂತ ಪ್ರತಿ ಸೆಮಿಸ್ಟರ್ ಕೇಳುವವರು ಆ ಪಟ್ಟಿ ನೋಡಬೇಕು. ಒಂದು ಗುಂಪಿನಿಂದ ಇಂತಿಷ್ಟು ವಸ್ತು ಆರಿಸುವ ವಿಧಾನ ಎಷ್ಟು ಅನ್ನೋದಕ್ಕೆ, ಅಂದರೆ ನಾವು ಪಿಯುಸಿಯಲ್ಲಿ ಉರು ಹೊಡೆದ ಎನ್‌ಸಿಆರ್‌ಗೆ, ಅವನು ಸಾಮಾನ್ಯ ಸೂತ್ರವನ್ನೇ ಕೊಟ್ಟಿದ್ದಾನೆ. ಲಸಾಅ ಅವನಲ್ಲಿದೆ. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲ ಇಲ್ಲ ಅಂತ ಸ್ಪಷ್ಟವಾಗಿ ಹೇಳಿದ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳೀತದೆ ಅಂತಲೂ ಹೇಳಿದ, ಅದು ತಪ್ಪು. ಈ ಪುಸ್ತಕವನ್ನು 1912ರಲ್ಲಿ ಮದ್ರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದ ಜೊತೆ ಅಚ್ಚು ಹಾಕಿಸಿದರು. ನಮ್ಮಂಥ ಇಂಗ್ಲಿಷ್ ಮೀಡಿಯಂನವರು ಓದಲಿಕ್ಕೆ ಆಗಿದ್ದು ಅದರಿಂದಲೇ. ಮಳಖೇಡದ ರಾಜನ ಹೊಗಳಿಕೆಯನ್ನು ನಾವು ಇಂಗ್ಲಿಷಿನಲ್ಲಿ ಓದಬೇಕಾಯಿತು, ಇರಲಿ.

ಕವಿರಾಜಮಾರ್ಗದ ವಿಷಯ ಎಲ್ಲರಿಗೂ ಗೊತ್ತು, ಸಿಕ್ಕಿರುವ ಕನ್ನಡ ಕೃತಿಗಳಲ್ಲಿ ಮೊದಲನೆಯದು. ಬರೆದವನು ಆಸ್ಥಾನದ ಶ್ರೀವಿಜಯ, ನೃಪತುಂಗನ ಒಪ್ಪಿಗೆ ಪಡೆದದ್ದು ಅಂತ ಗ್ರಂಥದಲ್ಲೇ ಇದೆ. 1898ರಲ್ಲಿ ಕೆ.ಬಿ. ಪಾಠಕರು ಸಂಪಾದಿಸಿ ಅಚ್ಚಿಗೆ ತಂದರು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಅನ್ನುವ ಮಾತು ರಾಜ್ಯೋತ್ಸವದ ಭಾಷಣದಲ್ಲಿ ಪ್ರತಿ ವರ್ಷ ಬರ್ತದೆ. ಭಾಷಣದಲ್ಲಿ ಬಾರದ್ದು ಇನ್ನೊಂದು ಇದೆ. ತಿರುಳ್ಗನ್ನಡದ ಸೀಮೆ ಅಂತ ಅದು ಹೆಸರಿಸುವ ಊರುಗಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಕಡೆ. ರಾಜನ ಸ್ವಂತ ಮಾನ್ಯಖೇಟ ಆ ಪಟ್ಟಿಯಲ್ಲಿ ಇಲ್ಲ! ಆಸ್ಥಾನದ ಕವಿ ಬರೆದ ಪುಸ್ತಕದಲ್ಲಿ ಆಸ್ಥಾನದ ಊರಿಗೇ ಒಳ್ಳೆಯ ಕನ್ನಡದ ಸರ್ಟಿಫಿಕೇಟ್ ಸಿಕ್ಕಿಲ್ಲ, ರಾಜ ಅದಕ್ಕೆ ಒಪ್ಪಿಗೆ ಹಾಕಿದ್ದಾನೆ. ಬೆಂಗಳೂರಿಗೆ ಹೋದಾಗ ನಮ್ಮ ಭಾಷೆ ಕೇಳಿ ನಗುವವರನ್ನು ಕಂಡು ಬೇಜಾರು ಮಾಡಿಕೊಳ್ಳುವವರಿಗೆ ಇದೊಂದು ಸಮಾಧಾನ, ಈ ಜಗಳ ಇವತ್ತಿನದಲ್ಲ. ಸಂಸ್ಕೃತವನ್ನೂ ಕನ್ನಡವನ್ನೂ ಹೊಂದಿಕೆ ಇಲ್ಲದೆ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದ ಹಾಗೆ ಅಂತ ಶ್ರೀವಿಜಯ ಬೈಯ್ತಾನೆ. ನಮ್ಮ ಈ ಬರಹವನ್ನು ಅವನು ನೋಡದೇ ಇದ್ದದ್ದೇ ಒಳ್ಳೇದು. ಇನ್ನೊಬ್ಬರ ವಿಚಾರವನ್ನೂ ಧರ್ಮವನ್ನೂ ತಾಳಿಕೊಳ್ಳೋದೇ ನಿಜವಾದ ಐಶ್ವರ್ಯ ಅನ್ನುವ ಅರ್ಥದ ಮಾತೂ ಅದರಲ್ಲೇ ಇದೆ.

ಆ ಮಾತನ್ನು ರಾಜನ ಬಾಳಿನಲ್ಲಿಟ್ಟು ನೋಡಬಹುದು. ಅವನು ಗುರು ಎಂದು ನಮಸ್ಕರಿಸಿದ್ದು ಆದಿಪುರಾಣದ ಜಿನಸೇನಾಚಾರ್ಯರಿಗೆ. ಆದರೂ ಸಂಜಾನ್ ತಾಮ್ರಶಾಸನ, ಅದು 871ರದ್ದು, ಅವನನ್ನು ಮಹಾಲಕ್ಷ್ಮಿಯ ಭಕ್ತ ಅಂತ ತೋರಿಸ್ತದೆ. ಪ್ರಜೆಗಳಿಗೆ ದೊಡ್ಡ ಕೇಡು ಬಂದಾಗ ಅದು ತೊಲಗಲಿ ಎಂದು ತನ್ನ ಎಡಗೈಯ ಬೆರಳನ್ನು ಕತ್ತರಿಸಿ ದೇವಿಗೆ ಒಪ್ಪಿಸಿದನಂತೆ. ಕೊಲ್ಲಾಪುರದ ಮಹಾಲಕ್ಷ್ಮಿ ಎಂದು ವಿದ್ವಾಂಸರು ಹೇಳ್ತಾರೆ. ಶಾಸನ ಅವನನ್ನು ಶಿಬಿ, ದಧೀಚಿ, ಜೀಮೂತವಾಹನರ ಪಕ್ಕದಲ್ಲಿ ನಿಲ್ಲಿಸ್ತದೆ.

ಈ ಬೆರಳಿನ ಮೇಲೆ ನಮ್ಮ ಗುಂಪಿನಲ್ಲಿ ಎರಡು ವಾರ ಜಗಳ ಆಯಿತು. ಅಚ್ಚಿನ ಪ್ರಕಾರ ಇದೇ ಕ್ಲೈಮಾಕ್ಸ್, ಅಗ್ನಿಪರೀಕ್ಷೆ, ವೀರನ ತ್ಯಾಗ. ಮಕ್ಕಳ ಸಿನಿಮಾದಲ್ಲಿ ಬೆರಳು ಕತ್ತರಿಸೋದು ತೋರಿಸಬೇಕಾ ಅಂತ ಒಬ್ಬರ ತಕರಾರು. ಬರಗಾಲಕ್ಕೋ ರೋಗಕ್ಕೋ ಬೆರಳು ಮದ್ದಲ್ಲ, ಇಂಜಿನಿಯರಿಂಗ್ ಹುಡುಗರು ಇದನ್ನು ಮೆರೆಸೋದಾ ಅಂತ ಇನ್ನೊಬ್ಬರ ತಕರಾರು. ನಮಗೆ ಕೊನೆಗೆ ತೋಚಿದ್ದು ಬೇರೆ. ಹದಿನಾಲ್ಕಕ್ಕೆ ಪಟ್ಟ ಏರಿದವನು ಎಪ್ಪತ್ತರ ಹತ್ತಿರ ಬಂದಾಗ, ಜನ ಅವನ ಬಗ್ಗೆ ನೆನಪಿಡಬೇಕು ಅಂತ ಶಾಸನ ಬರೆಸಿದವರು ಆರಿಸಿದ್ದು ಅವನು ಕಡಿದ ಶತ್ರುವಿನ ತಲೆಯನ್ನಲ್ಲ. ಅವನ ಅಪ್ಪನ ಬಗ್ಗೆ ಹೇಳುವಾಗ ಅದೇ ಶಾಸನ ಗೆದ್ದ ರಾಜರ ಪಟ್ಟಿ ಕೊಡ್ತದೆ. ಬೆರಳು ಸಿನಿಮಾದಲ್ಲಿ ಇರ್ತದೆ, ಕೈ ಮಾತ್ರ ತೋರಿಸ್ತೀವಿ, ಆಮೇಲಿನ ಕೈ, ಓಲೆ ಹಿಡಿದು ಓದುವಾಗ.

ಅಚ್ಚಿಗೆ ಪೂರ್ತಿ ಸೋಲಾಗೋದು ಕೊನೆಯ ಹಂತದಲ್ಲಿ. ವೀರ ತಿರುಗಿ ಬರಬೇಕು, ಸಿಂಹಾಸನ ಹತ್ತಬೇಕು. ಅಮೋಘವರ್ಷ ಇಳಿದ. ಒಂದಕ್ಕಿಂತ ಹೆಚ್ಚು ಸಲ ರಾಜ್ಯ ಬಿಟ್ಟುಕೊಟ್ಟ ಅನ್ನೋದು ಸಂಜಾನ್ ಶಾಸನದಿಂದ ತಿಳಿಯುತ್ತದೆ. ಪ್ರಶ್ನೋತ್ತರ ರತ್ನಮಾಲಿಕೆ ಅಂತ ಒಂದು ಸಣ್ಣ ಸಂಸ್ಕೃತ ಪುಸ್ತಕ ಇದೆ, ಪ್ರಶ್ನೆ ಉತ್ತರದ ರೂಪದ್ದು, ವೈವಾದಲ್ಲಿ ಕೇಳುವ ಹಾಗೆ ಚಿಕ್ಕ ಚಿಕ್ಕದು. ಅದನ್ನು ಶಂಕರರದ್ದು ಅನ್ನುವವರೂ ಇದ್ದಾರೆ. ಆದರೆ ಅದರ ಕೊನೆಯಲ್ಲಿ ವಿವೇಕದಿಂದ ರಾಜ್ಯ ತ್ಯಜಿಸಿದ ಅಮೋಘವರ್ಷ ಬರೆದದ್ದು ಅಂತ ಇದೆ. ಟಿಬೆಟಿನ ಭಾಷೆಗೆ ಆಗಿರುವ ಅನುವಾದವೂ ಅವನ ಹೆಸರನ್ನೇ ಹೇಳ್ತದೆ. ಬಾಲ್ಯದಲ್ಲಿ ಬೇರೆಯವರು ಕಿತ್ತುಕೊಂಡದ್ದನ್ನು ಮುಪ್ಪಿನಲ್ಲಿ ತಾನೇ ಕೆಳಗಿಟ್ಟ. ಕ್ಯಾಂಪ್‌ಬೆಲ್ ಲೆಕ್ಕದಲ್ಲಿ ಇದಕ್ಕೆ ಜಾಗ ಹುಡುಕಬಹುದೇನೋ, ಏಳು ಪುಟದ ಟಿಪ್ಪಣಿಯಲ್ಲಿ ನಮಗಂತೂ ಸಿಗಲಿಲ್ಲ. ಹಾಗಾಗಿ ನಮ್ಮ ಸ್ಟೋರಿಬೋರ್ಡ್ ಈಗ ಉಲ್ಟಾ ನಡೀತದೆ: ಮುದುಕ ಸಿಂಹಾಸನದಿಂದ ಇಳಿಯುವಲ್ಲಿ ಶುರು, ನರ್ಮದೆಯ ಬೀಡಾರದ ಮಗುವಿನಲ್ಲಿ ಕೊನೆ. ಚಿಂಚೋಳಿಯ ಗೆಳೆಯನ ತಂಗಿ ಆರನೇ ಕ್ಲಾಸು, ಅವಳಿಗೆ ತೋರಿಸಿದಾಗ ಅವಳು ಕೇಳಿದ್ದು ಮಗ ಯಾಕೆ ಜಗಳ ಆಡಿದ ಅಂತ. ಅದಕ್ಕೆ ಇನ್ನೂ ಎರಡು ದೃಶ್ಯ ಸೇರಿಸ್ತಾ ಇದ್ದೀವಿ.

ಅಮೋಘವರ್ಷ ತೀರಿಕೊಂಡದ್ದು 878ರಿಂದ 880ರ ಆಸುಪಾಸು. ಮಾನ್ಯಖೇಟ ಇನ್ನೂ ಸುಮಾರು ತೊಂಬತ್ತು ವರ್ಷ ಬಾಳಿತು. 972ರಲ್ಲಿ ಮಾಳವದ ಪರಮಾರ ಸೀಯಕ ಬಂದು ಅದನ್ನು ಲೂಟಿ ಮಾಡಿದ. ಆ ಲೂಟಿಯ ಹೊತ್ತಿನಲ್ಲೇ ಧಾರಾ ನಗರದಲ್ಲಿ ಧನಪಾಲ ಎಂಬ ಕವಿ ಪ್ರಾಕೃತ ಪದಗಳ ಒಂದು ನಿಘಂಟು ಮುಗಿಸಿದ. ಅದನ್ನು ತನ್ನ ತಂಗಿ ಸುಂದರಿಗೋಸ್ಕರ ಬರೆದೆ ಅಂತ ಹೇಳಿ, ಯಾವ ವರ್ಷ ಅಂತ ಗುರುತಿಗೆ ಇಟ್ಟದ್ದು ಮಾನ್ಯಖೇಟ ಲೂಟಿಯಾದ ವರ್ಷ ಅಂತ.